ಸೇರಿಸು, ಕಾಯು, ಬಿಡು: ಬುದ್ಧಿಮಾಂದ್ಯ ಪುರುಷರ ಆಸ್ಪತ್ರೆವಾಸ ಮತ್ತು ಕನ್ನಡ ಪದಬಳಕೆ

ಆಸ್ಪತ್ರೆಯ ಬೀಗ ಹಾಕಿದ ವಿಭಾಗಗಳಲ್ಲಿ ದೀರ್ಘಕಾಲ ಉಳಿಯಬೇಕಾಗಿ ಬಂದ ಬುದ್ಧಿಮಾಂದ್ಯ ಪುರುಷರ ಸ್ಥಿತಿಯನ್ನು ವೈದ್ಯಕೀಯ, ಕಾನೂನು ಹಾಗೂ ಸಮಾಜಕಾರ್ಯದ ಶಿಸ್ತುಗಳು ತಮ್ಮ ತಮ್ಮ ನೆಲೆಗಳಿಂದ ಚರ್ಚಿಸಿವೆ. ಭಾಷೆಯ ನೆಲೆಯಿಂದ ಈ ಸಂಗತಿಯನ್ನು ಪರಿಶೀಲಿಸುವ ಪ್ರಯತ್ನಗಳು ಕನ್ನಡದಲ್ಲಿ ವಿರಳ. ವ್ಯಕ್ತಿಯೊಬ್ಬ ಯಾವ ಪದದ ಅಡಿಯಲ್ಲಿ ಒಳಗೆ ಹೋಗುತ್ತಾನೆಯೋ ಆ ಪದವೇ ಅವನ ವಾಸದ ಅವಧಿಯನ್ನೂ ಹೊರಬರುವ ಬಗೆಯನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಆಡುಗನ್ನಡವು ಬೇರೆಬೇರೆಯಾಗಿಯೇ ಇರಿಸಿಕೊಂಡಿದ್ದ ಎರಡು ಸ್ಥಿತಿಗಳನ್ನು ಕಾನೂನಿನ ಭಾಷೆ ಒಂದು ಮಾಡಿತು. ಅನಂತರ ಅದೇ ಕಾನೂನು ಅವನ್ನು ಬೇರ್ಪಡಿಸಿದಾಗ, ಬೇರ್ಪಟ್ಟವನಿಗೆ ನಿಲ್ಲಲು ಸ್ಥಳವೂ ಇರಲಿಲ್ಲ, ಆ ಸ್ಥಳಕ್ಕೊಂದು ಹೆಸರೂ ಇರಲಿಲ್ಲ.

ಚರ್ಚೆಗೆ ಮೊದಲು ಪರಿಭಾಷೆಯ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಬ್ರಿಟನ್ನಿನಲ್ಲಿ 'ಲರ್ನಿಂಗ್ ಡಿಸೆಬಿಲಿಟಿ' ಎಂದರೆ ಭಾರತದಲ್ಲಿ ಬಹುಕಾಲ 'ಬುದ್ಧಿಮಾಂದ್ಯ' ಎಂದು ಕರೆಯಲಾದ ಸ್ಥಿತಿ. ಭಾರತದಲ್ಲಿ ಅದೇ ಇಂಗ್ಲಿಷ್ ಪದ ಓದು, ಬರಹ, ಲೆಕ್ಕಗಳಿಗೆ ಸಂಬಂಧಿಸಿದ ನಿರ್ದಿಷ್ಟ ತೊಂದರೆಗಳನ್ನು ಸೂಚಿಸುತ್ತದೆ. ಕನ್ನಡದಲ್ಲಿ ಅದಕ್ಕೆ 'ಕಲಿಕಾ ನ್ಯೂನತೆ' ಎಂಬ ಪದ ರೂಢಿಯಲ್ಲಿದೆ. ಹೀಗಾಗಿ ಬ್ರಿಟಿಷ್ ಬರಹವೊಂದನ್ನು ಎಚ್ಚರವಿಲ್ಲದೆ ಅನುವಾದಿಸಿದರೆ, ಅಕ್ಷರ ಹಿಂದುಮುಂದಾಗಿ ಕಾಣುವ ಶಾಲಾ ಬಾಲಕನೊಬ್ಬನನ್ನು ಉಕ್ಕಿನ ಬಾಗಿಲಿನ ಹಿಂದೆ ನಿಲ್ಲಿಸಿದಂತಾಗುತ್ತದೆ. ನಾಟಿಂಗ್‌ಹ್ಯಾಮ್‌ಶೈರಿನಲ್ಲಿ 1912ರಲ್ಲಿ ಆರಂಭವಾದ ರ್‍ಯಾಂಪ್ಟನ್ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯ ಪುರುಷರಿಗೆಂದೇ ಅತ್ಯುನ್ನತ ಭದ್ರತೆಯ ಪ್ರತ್ಯೇಕ ಸೇವೆಯಿದೆ. ಕರ್ನಾಟಕದಲ್ಲಿ ಇಂತಹ ಸಂಸ್ಥೆಗಳ ಸರಣಿಯೇನೂ ಬೆಳೆಯಲಿಲ್ಲ. ಆ ಕೆಲಸವನ್ನು ಇಲ್ಲಿ ಮಾನಸಿಕ ಆಸ್ಪತ್ರೆಯ ಮುಚ್ಚಿದ ವಾರ್ಡು, ಸರ್ಕಾರಿ ನಿಲಯ, ನಿರಾಶ್ರಿತರ ಪರಿಹಾರ ಕೇಂದ್ರ, ಕೆಲವೊಮ್ಮೆ ಕಾರಾಗೃಹ ಹಂಚಿಕೊಂಡಿವೆ. ಪ್ರತ್ಯೇಕ ಸಂಸ್ಥೆ ಇಲ್ಲದಿರುವುದನ್ನು ಸಮಸ್ಯೆಯೇ ಇಲ್ಲದಿರುವುದೆಂದು ತಿಳಿಯುವುದು ತಪ್ಪಾಗುತ್ತದೆ.

ಕನ್ನಡದ ದೇಶ್ಯ ಪದಗಳನ್ನು ಮೊದಲು ಗಮನಿಸಬಹುದು. 'ಹುಚ್ಚು' ಎಂಬ ಪದ ಸಮಾಸಗಳಲ್ಲಿ ಯಾವ ಯಾವ ಪದಗಳೊಡನೆ ಕೂಡುತ್ತದೆ ಎಂಬುದನ್ನು ನೋಡಿದರೆ ಅದರ ಸ್ವಭಾವ ಗೊತ್ತಾಗುತ್ತದೆ: ಹುಚ್ಚುಹೊಳೆ, ಹುಚ್ಚುನಾಯಿ, ಹುಚ್ಚುಕುದುರೆ, ಹುಚ್ಚುಮಳೆ. ಇವೆಲ್ಲವೂ ಮೇರೆ ಮೀರಿದ ಚಲನೆಯ ಚಿತ್ರಗಳು. ಇಲ್ಲಿರುವುದು ಕೊರತೆಯಲ್ಲ, ಅತಿರೇಕ. ಇದಕ್ಕೆ ಪ್ರತಿಯಾಗಿ 'ಮಂಕು' ಬೆಳಕಿಗೆ ಸಂಬಂಧಿಸಿದ್ದು: ಮಂಕುದೀಪ, ಮಂಕು ಬಣ್ಣ, ಮಂಕು ಕವಿಯುವುದು. ಸಂಸ್ಕೃತದಿಂದ ಬಂದ 'ಮಂದ' ವೇಗಕ್ಕೆ ಸಂಬಂಧಿಸಿದ್ದು. ಮೆಲ್ಲನೆ ಚಲಿಸುವ ಶನಿಗೆ ಜ್ಯೋತಿಷಗ್ರಂಥಗಳಲ್ಲಿ ಮಂದನೆಂಬ ಹೆಸರಿದೆ. ಜೀರ್ಣಶಕ್ತಿ ಕುಗ್ಗಿದರೆ ಆಯುರ್ವೇದ ಅದನ್ನು ಅಗ್ನಿಮಾಂದ್ಯವೆನ್ನುತ್ತದೆ. 'ಬುದ್ಧಿಮಾಂದ್ಯ' ಇದೇ ಮಾದರಿಯ ಸಮಾಸ. ಪದದ ಅಕ್ಷರಾರ್ಥವನ್ನು ಹಿಡಿದರೆ ಬುದ್ಧಿ ಇಲ್ಲವೆಂದಾಗಲಿ ಕೆಟ್ಟಿದೆಯೆಂದಾಗಲಿ ಅದು ಹೇಳುವುದಿಲ್ಲ. ನಿಧಾನವಾಗಿದೆ ಎಂದಷ್ಟೇ ಹೇಳುತ್ತದೆ. ಇಂಗ್ಲಿಷಿನ 'ರಿಟಾರ್ಡೇಷನ್' ಪದದ ಮೂಲಾರ್ಥವೂ ವಿಳಂಬವೇ ಆಗಿತ್ತು. ಎರಡೂ ಪದಗಳು ಬಳಕೆಯಲ್ಲಿ ಬೈಗುಳಗಳಾದವು. ಹೊಸ ಪದಗಳನ್ನು ಟಂಕಿಸುವವರು ಮರೆಯಬಾರದ ಸಂಗತಿಯಿದು.

'ಪೆದ್ದ', 'ಬೆಪ್ಪ', 'ದಡ್ಡ', 'ಮಂಕ' ಎಂಬ ಗುಂಪಿಗೂ 'ಹುಚ್ಚ', 'ಮರುಳ', 'ತಿಕ್ಕಲ' ಎಂಬ ಗುಂಪಿಗೂ ಆಡುಮಾತಿನಲ್ಲಿ ಗೆರೆಯಿದೆ. ಎರಡನೆಯ ಗುಂಪಿನವನ ಬಗ್ಗೆ 'ಹುಚ್ಚು ಹಿಡಿಯಿತು', 'ಹುಚ್ಚು ಬಿಟ್ಟಿತು' ಎನ್ನಬಹುದು. ಅದು ಹಿಡಿಯುವಂತಹದ್ದು, ಬಿಡುವಂತಹದ್ದು. ಮೊದಲ ಗುಂಪಿನವನಿಗೆ ಆ ಪ್ರಯೋಗ ಒಗ್ಗುವುದಿಲ್ಲ. 'ಪೆದ್ದು ಹಿಡಿಯಿತು' ಎಂದು ಯಾರೂ ಹೇಳುವುದಿಲ್ಲ. 'ಅವನು ಪೆದ್ದ', ಅಷ್ಟೆ. 'ಮಂಕು ಹಿಡಿಯಿತು' ಎಂಬ ಪ್ರಯೋಗವಿದ್ದರೂ ಅದು ಹುಷಾರಾಗಿದ್ದವನು ತಾತ್ಕಾಲಿಕವಾಗಿ ಕಳೆಗುಂದಿದ್ದನ್ನು ಹೇಳುತ್ತದೆಯೇ ಹೊರತು ಹುಟ್ಟಿನಿಂದ ಮಂಕನಾದವನನ್ನಲ್ಲ. ಬಂದುಹೋಗುವ ರೋಗಕ್ಕೂ ಜೊತೆಗಿರುವ ಸ್ಥಿತಿಗೂ ಇರುವ ಅಂತರವನ್ನು ಕನ್ನಡದ ವಾಕ್ಯರಚನೆ ಯಾವ ಶಾಸನದ ನೆರವೂ ಇಲ್ಲದೆ ಉಳಿಸಿಕೊಂಡು ಬಂದಿದೆ.

ಈ ಎರಡೂ ಸ್ಥಿತಿಗಳಿಗೆ ಕನ್ನಡ ಪರಂಪರೆಯಲ್ಲಿ ಗೌರವದ ತಾಣಗಳೂ ಇದ್ದವು. ಹುಚ್ಚಯ್ಯ, ಹುಚ್ಚೇಗೌಡ, ಮರುಳಪ್ಪ ಎಂಬ ಅಂಕಿತನಾಮಗಳು ಇಂದಿಗೂ ಇವೆ. ಶೂನ್ಯಸಂಪಾದನೆಯ ಮರುಳಶಂಕರದೇವರು ಕಲ್ಯಾಣದ ಮಹಾಮನೆಯ ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ ಯಾರ ಗಮನಕ್ಕೂ ಬಾರದೆ ಇದ್ದವರು. ಅವರನ್ನು ಗುರುತಿಸಲು ಅಲ್ಲಮಪ್ರಭು ಬರಬೇಕಾಯಿತು. ವಿದ್ವಾಂಸರು ಈ ಪ್ರಸಂಗವನ್ನು ಗುಪ್ತಭಕ್ತಿಯ ನಿದರ್ಶನವಾಗಿ ವಿವರಿಸುತ್ತಾರೆ. ಸಾವಿರಾರು ಜನ ಬಂದುಹೋಗುವ ಸಂಸ್ಥೆಯಲ್ಲಿ ಒಬ್ಬ ಮನುಷ್ಯ ಹನ್ನೆರಡು ವರ್ಷ ಅಗೋಚರನಾಗಿ ಉಳಿಯಬಲ್ಲ ಎಂಬ ಲೌಕಿಕ ಸತ್ಯವೂ ಅದರಲ್ಲಿದೆ. ಆಧುನಿಕ ಕಾಲದಲ್ಲಿ, ದಕ್ಷಿಣ ಬೆಂಗಳೂರಿನ ಬಸವನಗುಡಿಯಲ್ಲಿ ನೆಲೆಸಿದ್ದ ಡಿ.ವಿ.ಜಿ. ಅವರು 1943ರಲ್ಲಿ ಪ್ರಕಟವಾದ ತಮ್ಮ ಕಗ್ಗದ ಅಂಕಿತಕ್ಕೆ ಆರಿಸಿಕೊಂಡದ್ದು ಮಂಕುತಿಮ್ಮನನ್ನು. ಜ್ಞಾನಿಯ ಮಾತನ್ನು ಮಂಕನ ಬಾಯಲ್ಲಿ ಆಡಿಸುವುದು ವಿನಯದ ಕಾವ್ಯೋಪಾಯವೆಂಬುದು ನಿಜ. ಆದರೆ ಈ ಗೌರವವೆಲ್ಲ ಮಂಕನಂತೆ ತೋರುವ ಜ್ಞಾನಿಗೆ ಸಂದದ್ದೇ ಹೊರತು, ಯಾವ ಗುಪ್ತಜ್ಞಾನವೂ ಇಲ್ಲದ ಸಾಮಾನ್ಯ ಮಂಕನಿಗಲ್ಲ. ನಮ್ಮ ಪರಂಪರೆ ಅಂಗವೈಕಲ್ಯವನ್ನು ಗೌರವಿಸಿತ್ತು ಎಂಬ ಉತ್ಸಾಹದ ಮಾತುಗಳನ್ನು ಈ ಮಿತಿಯೊಳಗೇ ಸ್ವೀಕರಿಸಬೇಕು.

ಕಾನೂನಿನ ಭಾಷೆ ಬೇರೊಂದು ದಾರಿ ಹಿಡಿಯಿತು. ಬ್ರಿಟಿಷ್ ಭಾರತಕ್ಕಾಗಿ ರಚಿತವಾದ 1912ರ ಭಾರತೀಯ ಲ್ಯುನಸಿ ಕಾಯಿದೆ 'ಲುನಾಟಿಕ್' ಪದವನ್ನು ವ್ಯಾಖ್ಯಾನಿಸುವಾಗ 'ಈಡಿಯಟ್' ಎಂದು ಆಗ ಕರೆಯಲಾಗುತ್ತಿದ್ದವನನ್ನೂ ಚಿತ್ತಸ್ವಾಸ್ಥ್ಯವಿಲ್ಲದವನನ್ನೂ ಒಂದೇ ಪದದೊಳಗೆ ಸೇರಿಸಿತು. ಇಂಗ್ಲೆಂಡು ಮರುವರ್ಷವೇ, 1913ರ ಮೆಂಟಲ್ ಡಿಫಿಷಿಯೆನ್ಸಿ ಕಾಯಿದೆಯ ಮೂಲಕ, ಬುದ್ಧಿಮಾಂದ್ಯರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ ಅವರಿಗೆ ಪ್ರತ್ಯೇಕ ವಸಾಹತುಗಳ ವ್ಯವಸ್ಥೆ ಮಾಡಿತು. ಅದೇನೂ ಕರುಣೆಯ ಕೆಲಸವಾಗಿರಲಿಲ್ಲ. ಸುಪ್ರಜನನವಾದದ ಭೀತಿ ಅದರ ಹಿಂದಿತ್ತು. ವಸಾಹತು ಭಾರತಕ್ಕೆ ಆ ವಿಂಗಡಣೆಯೂ ಬರಲಿಲ್ಲ. 1912ರ ಶಾಸನ ಸ್ವಾತಂತ್ರ್ಯಾನಂತರವೂ ಉಳಿದು, 1987ರ ಮಾನಸಿಕ ಆರೋಗ್ಯ ಕಾಯಿದೆ 1993ರಲ್ಲಿ ಜಾರಿಗೆ ಬರುವವರೆಗೆ ಬಳಕೆಯಲ್ಲಿತ್ತು. ಕನ್ನಡದ ವಾಕ್ಯ ಪ್ರತ್ಯೇಕವಾಗಿರಿಸಿದ್ದ ಪೆದ್ದನೂ ಹುಚ್ಚನೂ ಸುಮಾರು ಎಂಬತ್ತು ವರ್ಷ ಒಂದೇ ವ್ಯಾಖ್ಯೆಯ ಕೆಳಗಿದ್ದರು.

ಬೆಂಗಳೂರಿನಲ್ಲಿ ಈ ವ್ಯಾಖ್ಯೆಯ ಭೌತಿಕ ರೂಪವೆಂದರೆ ಹೊಸೂರು ರಸ್ತೆಯ ಆಸ್ಪತ್ರೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಆರಂಭವಾದ ಬೆಂಗಳೂರಿನ ಲುನಾಟಿಕ್ ಅಸೈಲಮ್ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೆಸರು ಬದಲಿಸಿಕೊಂಡಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಊರ ಹೊರಗೆಂದು ಆರಿಸಿದ ಈ ಜಾಗವನ್ನು ಊರೇ ಬಂದು ಸುತ್ತುವರಿಯಿತು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರ ಒಂದು ಮಗ್ಗುಲಿಗೆ ಬೆಳೆಯಿತು. ಭೈರಸಂದ್ರ, ತಾವರೆಕೆರೆ, ಮಡಿವಾಳಗಳ ಆದ್ಯಕ್ಷರಗಳಲ್ಲಿ ಅಡಗಿಹೋದ ಬಿ.ಟಿ.ಎಂ. ಬಡಾವಣೆ ಇನ್ನೊಂದು ಮಗ್ಗುಲಿಗೆ ಹಬ್ಬಿತು. ಅಧಿಕೃತ ಹೆಸರು ಬದಲಾಗುತ್ತ ಬಂದರೂ ಜನ ಬಹುಕಾಲ ಅದನ್ನು 'ಹುಚ್ಚಾಸ್ಪತ್ರೆ' ಎಂದೇ ಕರೆದರು. ಉತ್ತರ ಕರ್ನಾಟಕದಲ್ಲಿ 'ಧಾರವಾಡಕ್ಕೆ ಕಳಿಸಬೇಕು' ಎಂಬ ಮೂದಲಿಕೆ ಇರುವಂತೆ ಇಲ್ಲಿ 'ನಿಮ್ಹಾನ್ಸ್‌ಗೆ ಸೇರಿಸಬೇಕು' ಎಂಬ ಮೂದಲಿಕೆ ಹುಟ್ಟಿತು. ನರವಿಜ್ಞಾನದ ಸಂಶೋಧನೆಗೆ ದೇಶದಲ್ಲೇ ಹೆಸರಾದ ಸಂಸ್ಥೆಯ ಇಂಗ್ಲಿಷ್ ಆದ್ಯಕ್ಷರಗಳು ಆಡುಮಾತಿನಲ್ಲಿ ಹಳೆಯ ಪದದ ಭಾರವನ್ನು ಹೊತ್ತವು. 'ಹುಚ್ಚಾಸ್ಪತ್ರೆ' ಎಂಬ ಸಮಾಸದ ಪರಿಣಾಮವನ್ನು ಗಮನಿಸಬೇಕು: ಅದರೊಳಗೆ ಹೋದವನು, ಹೋದ ಕಾರಣದಿಂದಲೇ, ಹುಚ್ಚನಾಗುತ್ತಾನೆ. ಹಳ್ಳಿಯಲ್ಲಿ ಪೆದ್ದನಾಗಿ ದನ ಮೇಯಿಸಿಕೊಂಡಿದ್ದವನು ಒಮ್ಮೆ ಆ ಬಾಗಿಲು ದಾಟಿ ಹಿಂದಿರುಗಿದರೆ ಊರಿಗೆ ಅವನು ಪೆದ್ದನಾಗಿ ಉಳಿಯುವುದಿಲ್ಲ.

ಈ ಸಂದರ್ಭದಲ್ಲಿ ಮಿಶೆಲ್ ಫೂಕೋನನ್ನು ಉಲ್ಲೇಖಿಸುವುದು ವಾಡಿಕೆ. ಬಡವರು, ಸೋಮಾರಿಗಳು, ಉನ್ಮತ್ತರು ಒಂದೇ ಗೋಡೆಯೊಳಗೆ ಸೇರಿದ ಹದಿನೇಳನೆಯ ಶತಮಾನದ ಪ್ಯಾರಿಸನ್ನು ಆತ 1961ರ ತನ್ನ ಗ್ರಂಥದಲ್ಲಿ ವಿವರಿಸಿದ. ಕನ್ನಡ ವಿಮರ್ಶೆ ಆ ಸಂಕಥನವನ್ನು ಉತ್ಸಾಹದಿಂದಲೇ ಬಳಸಿಕೊಂಡಿದೆ. ಆದರೆ ಆತನ ಆಸಕ್ತಿ ಉನ್ಮಾದ ಮತ್ತು ವಿವೇಕಗಳ ಸಂಬಂಧದಲ್ಲಿತ್ತು. ಉನ್ಮಾದವೂ ಇಲ್ಲದ, ವಾದಿಸುವ ಶಕ್ತಿಯೂ ಇಲ್ಲದ ಮೂರನೆಯವನು ಆ ಚರ್ಚೆಯ ಅಂಚಿನಲ್ಲೇ ಉಳಿಯುತ್ತಾನೆ. ಕನ್ನಡ ಸಾಹಿತ್ಯದಲ್ಲೂ ಹೆಚ್ಚುಕಡಿಮೆ ಇದೇ ಸ್ಥಿತಿ. ತ್ರಿವೇಣಿಯವರ 'ಶರಪಂಜರ' ಮನೋರೋಗದಿಂದ ಗುಣವಾಗಿ ಮನೆಗೆ ಮರಳಿದ ಹೆಣ್ಣನ್ನು ಸಮಾಜ ಮತ್ತೆ ಹುಚ್ಚಿಯಾಗಿಸುವ ಕ್ರಮವನ್ನು ತೋರಿಸಿತು, ವೈದ್ಯರಾಗಿದ್ದ ಎಂ. ಶಿವರಾಂ (ರಾಶಿ) ಅವರ 'ಮನಮಂಥನ' 1976ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಪಡೆಯಿತು, ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನೋರೋಗಗಳ ಬಗ್ಗೆ ಜನಸಾಮಾನ್ಯರಿಗೆ ನಿಲುಕುವ ಕನ್ನಡದಲ್ಲಿ ವಿಪುಲವಾಗಿ ಬರೆದರು. ಮನೋರೋಗಿ ಕನ್ನಡದಲ್ಲಿ ಹೀಗೆ ತನ್ನ ಕಥೆಯನ್ನು ಪಡೆದುಕೊಂಡ. ಸಂಸ್ಥೆಯೊಂದರಲ್ಲಿ ವಯಸ್ಸು ಕಳೆದ ಬುದ್ಧಿಮಾಂದ್ಯ ಪುರುಷ ಅಂತಹ ಕಥೆಯನ್ನು ಪಡೆದದ್ದು ಅಪರೂಪ. ಚೇತರಿಕೆಯ ತಿರುವಿಲ್ಲದ ಬದುಕಿಗೆ ಕಾದಂಬರಿಯ ಸಂವಿಧಾನ ಸುಲಭವಾಗಿ ಒಗ್ಗುವುದಿಲ್ಲವೆಂಬುದೂ ಇದಕ್ಕೊಂದು ಕಾರಣವಿರಬಹುದು.

1987ರ ಕಾಯಿದೆ ಈ ಎರಡನ್ನು ಬೇರ್ಪಡಿಸಿತು. ಬುದ್ಧಿಮಾಂದ್ಯವನ್ನು ಹೊರತುಪಡಿಸಿದ ಮಾನಸಿಕ ಅಸ್ವಸ್ಥತೆಗಾಗಿ ಚಿಕಿತ್ಸೆ ಬೇಕಾದವನು ಮಾತ್ರ ಮಾನಸಿಕ ರೋಗಿ ಎಂದು ಅದು ವ್ಯಾಖ್ಯಾನಿಸಿತು. 1995ರ ಅಂಗವಿಕಲರ ಕಾಯಿದೆ ಎರಡನ್ನೂ ಬೇರೆಬೇರೆ ವೈಕಲ್ಯಗಳಾಗಿ ಪಟ್ಟಿ ಮಾಡಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 'ರಿಟಾರ್ಡೇಷನ್' ಪದವನ್ನೇ ಕೈಬಿಟ್ಟು, ಕನ್ನಡದಲ್ಲಿ 'ಬೌದ್ಧಿಕ ವೈಕಲ್ಯ' ಎನ್ನಬಹುದಾದ ಪದವನ್ನು ತಂದಿತು. ಮರುವರ್ಷದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮಾತ್ರ ಹಳೆಯ ಪದವನ್ನೇ ಉಳಿಸಿಕೊಂಡಿತು. ಒಂದೇ ಸಂಸತ್ತು ಕೆಲವೇ ತಿಂಗಳುಗಳ ಅಂತರದಲ್ಲಿ ಒಬ್ಬನೇ ವ್ಯಕ್ತಿಗೆ ಎರಡು ಹೆಸರಿಟ್ಟಿತು. ಪದ ಬೇರೆಯಾದರೆ ಆಗುವ ವ್ಯತ್ಯಾಸವೇನೆಂಬುದಕ್ಕೆ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ನೀಡಿದ ತೀರ್ಪು ಸ್ಪಷ್ಟ ನಿದರ್ಶನ. ಚಂಡೀಗಢದ ಸರ್ಕಾರಿ ನಿಲಯವೊಂದರಲ್ಲಿದ್ದ ಬುದ್ಧಿಮಾಂದ್ಯ ಯುವತಿಯ ಗರ್ಭವನ್ನು ಅವಳ ಒಪ್ಪಿಗೆಯಿಲ್ಲದೆ ತೆಗೆಸಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಗರ್ಭಪಾತ ಕಾಯಿದೆಯ 2002ರ ತಿದ್ದುಪಡಿ 'ಲುನಾಟಿಕ್' ಪದವನ್ನು ತೆಗೆದು, ಬುದ್ಧಿಮಾಂದ್ಯವನ್ನು ಹೊರತುಪಡಿಸಿದ 'ಮಾನಸಿಕ ರೋಗಿ' ಎಂಬ ಪದವನ್ನು ಇಟ್ಟಿತ್ತು. ಆದ್ದರಿಂದ ಅವಳ ಒಪ್ಪಿಗೆ ಅಗತ್ಯವೆಂದು ನ್ಯಾಯಾಲಯ ಹೇಳಿತು. ಒಂದು ವ್ಯಾಖ್ಯೆಯ ಬದಲಾವಣೆ ಅವಳ ಮಾತಿಗೆ ಬೆಲೆ ತಂದುಕೊಟ್ಟಿತು.

ಆದರೆ ಆಸ್ಪತ್ರೆವಾಸದ ವಿಷಯದಲ್ಲಿ ಈ ಬೇರ್ಪಡೆ ಅಷ್ಟು ಸರಳವಾಗಿ ಫಲಿಸಲಿಲ್ಲ. ಇದನ್ನು ಅರಿಯಲು ಆಸ್ಪತ್ರೆಯ ಕ್ರಿಯಾಪದಗಳನ್ನು ನೋಡಬೇಕು. ಕನ್ನಡದಲ್ಲಿ ರೋಗಿ ಆಸ್ಪತ್ರೆಗೆ 'ಸೇರುತ್ತಾನೆ', ಇಲ್ಲವೇ ಅವನನ್ನು 'ಸೇರಿಸುತ್ತಾರೆ'. ಗುಣವಾದ ಮೇಲೆ 'ಬಿಡುತ್ತಾರೆ'. 'ಬಿಡು' ಎಂಬುದು ಇಲ್ಲಿ ವಿಚಿತ್ರವಾದ ಧಾತು. 'ಬಿಟ್ಟುಬಂದರು' ಎಂದರೆ ಮನೆಯವರು ಅವನನ್ನು ಅಲ್ಲಿ ತೊರೆದರು. 'ಬಿಟ್ಟುಕಳಿಸಿದರು' ಎಂದರೆ ಸಂಸ್ಥೆಯವರು ಅವನನ್ನು ಮುಕ್ತಗೊಳಿಸಿದರು. ತ್ಯಾಗವೂ ಬಿಡುಗಡೆಯೂ ಒಂದೇ ಧಾತುವಿನಲ್ಲಿವೆ. ಯಾವುದೆಂಬುದನ್ನು ತೀರ್ಮಾನಿಸುವುದು ಅದರ ಮುಂದೆ ಬರುವ ಬರು, ಕಳಿಸು ಎಂಬ ಕ್ರಿಯೆಗಳು. ಮನೆಯವರು ಬಿಟ್ಟುಬಂದವನನ್ನು ಆಸ್ಪತ್ರೆ ಬಿಟ್ಟುಕಳಿಸಬೇಕಾದರೆ ಆ ಕಳಿಸುವಿಕೆಗೆ ಒಂದು ಚತುರ್ಥಿ ವಿಭಕ್ತಿ ಬೇಕು: ಎಲ್ಲಿಗೆ? 2017ರ ಕಾಯಿದೆಯ 19ನೆಯ ಪ್ರಕರಣ ಮನೋರೋಗಿಯ ಮಟ್ಟಿಗೆ ಈ ಪ್ರಶ್ನೆಯನ್ನು ಎತ್ತಿಕೊಂಡಿದೆ. ಕುಟುಂಬವಿಲ್ಲವೆಂಬ ಕಾರಣಕ್ಕೆ, ಕುಟುಂಬ ಒಪ್ಪುತ್ತಿಲ್ಲವೆಂಬ ಕಾರಣಕ್ಕೆ, ಮನೆಯಿಲ್ಲವೆಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದೆಂದು ಅದು ವಿಧಿಸುತ್ತದೆ. ಈ ಕಾಯಿದೆಯ ವ್ಯಾಖ್ಯೆಯಿಂದಲೇ ಹೊರಗುಳಿದ ಬುದ್ಧಿಮಾಂದ್ಯನಿಗೆ ಈ ರಕ್ಷಣೆ ನೇರವಾಗಿ ದೊರೆಯುವುದಿಲ್ಲ. ಬುದ್ಧಿಮಾಂದ್ಯದ ಜೊತೆಗೆ ಮನೋರೋಗವೂ ಇರುವವರಿದ್ದಾರೆ. ಆ ರೋಗ ಇರುವಷ್ಟು ಕಾಲ ಅವರಿಗೆ ಶಾಸನದ ನೆರಳುಂಟು. ರೋಗ ತಗ್ಗಿದ ದಿನ ನೆರಳೂ ತಗ್ಗುತ್ತದೆ, ಮನೆಯಂತೂ ಮೊದಲೇ ಇಲ್ಲ.

'ಗುಣ' ಎಂಬ ಪದ ಇನ್ನೊಂದು ತೊಡಕು. ಆಸ್ಪತ್ರೆಯ ಹೊರಬಾಗಿಲಿನ ಕೀಲಿಕೈ ಎಂದರೆ 'ಗುಣವಾಗಿದೆ' ಎಂಬ ಒಂದು ವಾಕ್ಯ. ಬುದ್ಧಿಮಾಂದ್ಯ ರೋಗವಲ್ಲ, ಆದ್ದರಿಂದ ಅದು ಗುಣವಾಗುವುದಿಲ್ಲ, ಆದ್ದರಿಂದ ಆ ವಾಕ್ಯವನ್ನು ಬರೆಯುವಂತಿಲ್ಲ. ಸ್ನಾನ, ಅಡುಗೆ, ಬಸ್ಸಿನ ನಂಬರು, ಚಿಲ್ಲರೆ ಎಣಿಸುವುದು ಇವುಗಳಲ್ಲಿ ವರ್ಷಾನುಗಟ್ಟಲೆ ಶ್ರಮಿಸಿ ಒಬ್ಬ ಎಷ್ಟೇ ಕಲಿತರೂ ಆ ಕಲಿಕೆಯನ್ನು ದಾಖಲಿಸುವ ಕ್ರಿಯಾಪದ ಆಸ್ಪತ್ರೆಯ ಕನ್ನಡದಲ್ಲಿಲ್ಲ. ಅದು ಶಾಲೆಯ ಕನ್ನಡದಲ್ಲಿದೆ. ಬನಶಂಕರಿ, ಜೆ.ಪಿ. ನಗರಗಳ ವಿಶೇಷ ಶಾಲೆಯ ಶಿಕ್ಷಕಿ 'ಈಗ ಅವನೇ ಅಂಗಡಿಗೆ ಹೋಗಿಬರ್ತಾನೆ' ಎಂದು ಹೇಳುವ ಮಾತಿಗೆ ವಾರ್ಡಿನ ದಾಖಲೆಯಲ್ಲಿ ಅಂಕಣವಿಲ್ಲ.

ಬೀಗದ ಹಿಂದಿನ ಬದುಕಿಗೆ ಕನ್ನಡದಲ್ಲಿ ಒದಗುವ ಮತ್ತೊಂದು ಧಾತು 'ಕಾಯು'. ಕಾವಲುಗಾರ ಕಾಯುತ್ತಾನೆ, ಒಳಗಿರುವವನೂ ಕಾಯುತ್ತಾನೆ. ಮೊದಲನೆಯದು ರಕ್ಷಣೆ, ಎರಡನೆಯದು ನಿರೀಕ್ಷೆ. 'ಭದ್ರತಾ ಘಟಕ' ಎಂಬ ಅನುವಾದದಲ್ಲಿ ಮೊದಲನೆಯ ಅರ್ಥ ಮಾತ್ರ ಉಳಿದು ಎರಡನೆಯದು ಕಾಣೆಯಾಗುತ್ತದೆ. ಯಾರಿಂದ ಯಾರಿಗೆ ಭದ್ರತೆ ಎಂಬುದೂ ಮಸುಕಾಗುತ್ತದೆ. ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರನ್ನು ಸಿಬ್ಬಂದಿಯೇ ಹಿಂಸಿಸುತ್ತಿದ್ದುದನ್ನು ಬಿ.ಬಿ.ಸಿ. 2011ರಲ್ಲಿ ಬಯಲಿಗೆಳೆದಾಗ ಹನ್ನೊಂದು ಮಂದಿ ನೌಕರರು ಶಿಕ್ಷೆಗೊಳಗಾದರು. ಅಂಥವರನ್ನು ಸಮುದಾಯದ ನಡುವಿನ ಮನೆಗಳಿಗೆ ಸ್ಥಳಾಂತರಿಸುವುದಾಗಿ ಅಲ್ಲಿನ ಸರ್ಕಾರ ನೀಡಿದ ಭರವಸೆ ಗಡುವಿನೊಳಗೆ ಈಡೇರಲಿಲ್ಲ. ಭಾರತದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿಮ್ಹಾನ್ಸ್‌ನ ನೆರವಿನಿಂದ ದೇಶದ ಮಾನಸಿಕ ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 1999ರಲ್ಲಿ ಪ್ರಕಟಿಸಿದ ವರದಿ, ಹಲವು ಆಸ್ಪತ್ರೆಗಳು ಸೆರೆಮನೆಯ ರಚನೆಯನ್ನೇ ಉಳಿಸಿಕೊಂಡಿದ್ದುದನ್ನು ದಾಖಲಿಸಿತು. ಅಸ್ಸಾಮಿನ ಮಚಾಂಗ್ ಲಾಲುಂಗ್ 1951ರಲ್ಲಿ ಬಂಧಿತನಾಗಿ, ತೇಜಪುರದ ಮಾನಸಿಕ ಆಸ್ಪತ್ರೆ ಹಾಗೂ ಜೈಲುಗಳ ನಡುವೆ ವಿಚಾರಣೆಯೇ ಇಲ್ಲದೆ ಐವತ್ತನಾಲ್ಕು ವರ್ಷ ಕಳೆದು 2005ರಲ್ಲಿ ಬಿಡುಗಡೆಯಾದ. ಆತನದು ಬುದ್ಧಿಮಾಂದ್ಯದ ಪ್ರಕರಣವಲ್ಲ. ಕಾಯುವಿಕೆ ಎಷ್ಟು ದೀರ್ಘವಾಗಬಲ್ಲದೆಂಬುದಕ್ಕೆ ಮಾತ್ರ ಇಲ್ಲಿ ಪ್ರಸ್ತುತ.

ಇಂತಹ ವ್ಯಕ್ತಿ ಒಳಗೆ ಹೋಗುವ ಮೊದಲ ಹಂತದಲ್ಲೇ ಭಾಷೆಯ ಪಾತ್ರ ನಿರ್ಣಾಯಕ. ಬುದ್ಧಿಮಾಂದ್ಯರು ಅಧಿಕಾರಸ್ಥರ ಪ್ರಶ್ನೆಗಳಿಗೆ ಅರ್ಥವಾಗದಿದ್ದರೂ ಹೌದೆನ್ನುವ ಪ್ರವೃತ್ತಿಯನ್ನು ಮನೋವಿಜ್ಞಾನ ಗುರುತಿಸಿದೆ. ಕನ್ನಡದಲ್ಲಿ ಇದು ಇನ್ನಷ್ಟು ಜಟಿಲ. 'ಹೂಂ' ಎಂಬುದು ಒಪ್ಪಿಗೆಯೂ ಹೌದು, ಕೇಳಿಸಿಕೊಳ್ಳುತ್ತಿದ್ದೇನೆ ಎಂಬ ಸೂಚನೆಯೂ ಹೌದು. ಅಜ್ಜಿ ಕಥೆ ಹೇಳುವಾಗ ಮೊಮ್ಮಗ ಹೂಂಗುಟ್ಟುತ್ತಾನೆ. ರಾಕ್ಷಸನನ್ನು ಕೊಂದದ್ದು ತಾನೇ ಎಂದು ಅದರ ಅರ್ಥವಲ್ಲ. ಠಾಣೆಯಲ್ಲಿ 'ನೀನೇ ಕಲ್ಲು ಹೊಡೆದದ್ದಲ್ಲವೇನೋ?' ಎಂಬ ಪ್ರಶ್ನೆಗೆ ಬಂದ 'ಹೂಂ' ಬರಹಕ್ಕಿಳಿಯುವಾಗ 'ನಾನು ಕಲ್ಲು ಹೊಡೆದಿರುತ್ತೇನೆ' ಎಂಬ ಪೂರ್ಣವಾಕ್ಯವಾಗುತ್ತದೆ. ಆಡಿದವನ ಬಾಯಲ್ಲಿ ಎಂದೂ ಬಾರದ 'ಇರುತ್ತೇನೆ' ಎಂಬ ದಫ್ತರಿನ ಕ್ರಿಯಾರೂಪ ಅವನ ಸಹಿಯ ಮೇಲೆ, ಅಥವಾ ಹೆಬ್ಬೆಟ್ಟಿನ ಗುರುತಿನ ಮೇಲೆ, ಕುಳಿತುಕೊಳ್ಳುತ್ತದೆ. ಸಂಭಾಷಣಾ ವಿಶ್ಲೇಷಣೆಯಲ್ಲಿ ಆಸಕ್ತರಾದ ಸಂಶೋಧಕರು ಈ ಕ್ಷೇತ್ರಕ್ಕೆ ಇನ್ನೂ ಕಾಲಿಟ್ಟಂತಿಲ್ಲ.

ನಗರದ ಹೊಸ ಎರವಲುಗಳು ಕನ್ನಡದ ಹಳೆಯ ಗೆರೆಯನ್ನು ಮತ್ತೆ ಅಳಿಸುತ್ತಿವೆ. ಬೆಂಗಳೂರಿನ ಬೀದಿಯಲ್ಲಿ 'ಮೆಂಟಲ್' ಮತ್ತು 'ಲೂಸು' ಪೆದ್ದನಿಗೂ ಸಲ್ಲುತ್ತವೆ, ಹುಚ್ಚನಿಗೂ ಸಲ್ಲುತ್ತವೆ. 2007ರ 'ದುನಿಯಾ' ಚಿತ್ರದ ಲೂಸ್ ಮಾದನೆಂಬ ಪಾತ್ರದ ಹೆಸರು ನಟನಿಗೇ ಅಂಟಿಕೊಂಡು ಜನಪ್ರಿಯವಾದದ್ದು ಈ ಪದದ ವ್ಯಾಪ್ತಿಗೆ ಸಾಕ್ಷಿ. ಸರ್ಕಾರಿ ಪರಿಭಾಷೆಯ ಕಥೆ ಇನ್ನೊಂದು ಬಗೆಯದು. 'ಅಂಗವಿಕಲ' ಎಂಬ ಪದ ಬುದ್ಧಿಮಾಂದ್ಯನನ್ನು ಒಳಗೊಳ್ಳುತ್ತಿರಲಿಲ್ಲ, ಅವನ ಅಂಗಗಳು ಸರಿಯಾಗಿಯೇ ಇದ್ದವು. ಅದರ ಬದಲಿಗೆ ಬಂದ 'ವಿಕಲಚೇತನ' ಎಲ್ಲರನ್ನೂ ಒಳಗೊಂಡಿತಾದರೂ, ಕಾಲಿಲ್ಲದವನ ಚೇತನವನ್ನೂ ಕಣ್ಣಿಲ್ಲದವನ ಚೇತನವನ್ನೂ ವಿಕಲಗೊಳಿಸಿತು. ಗೌರವಕ್ಕಾಗಿ ಮಾಡಿದ ಬದಲಾವಣೆ ಅರ್ಥದಲ್ಲಿ ಹಿಂದಕ್ಕೆ ಸರಿದ ಉದಾಹರಣೆಯಿದು.

ಅಪರಾಧದ ಆರೋಪ ಹೊತ್ತ ಬುದ್ಧಿಮಾಂದ್ಯ ಪುರುಷನ ವಿಷಯದಲ್ಲಿ ಭಾರತೀಯ ಕಾನೂನು ತೆಗೆದುಕೊಂಡ ತಿರುವು ಪ್ರತ್ಯೇಕ ಗಮನಕ್ಕೆ ಅರ್ಹ. ದಂಡ ಪ್ರಕ್ರಿಯಾ ಸಂಹಿತೆಗೆ 2008ರಲ್ಲಿ ಮಾಡಿದ ತಿದ್ದುಪಡಿ, ಆರೋಪಿಗಿರುವುದು ಚಿತ್ತದ ಅಸ್ವಾಸ್ಥ್ಯವೋ ಬುದ್ಧಿಮಾಂದ್ಯವೋ ಎಂಬುದನ್ನು ಮನೋವೈದ್ಯ ಅಥವಾ ಚಿಕಿತ್ಸಕ ಮನೋವಿಜ್ಞಾನಿ ತಿಳಿಸಬೇಕೆಂದು ಮೊದಲ ಬಾರಿಗೆ ವಿಧಿಸಿತು. ಬಿಡುಗಡೆ ಸಾಧ್ಯವಿಲ್ಲದಿದ್ದರೆ ಅವನನ್ನು ಆರೈಕೆ ಹಾಗೂ ಸೂಕ್ತ ಶಿಕ್ಷಣ, ತರಬೇತಿಗಳಿರುವ ವಸತಿ ಸೌಲಭ್ಯವೊಂದಕ್ಕೆ ವರ್ಗಾಯಿಸಬಹುದೆಂದು 330ನೆಯ ಪ್ರಕರಣ ಹೇಳಿತು. ಶಿಕ್ಷಣ ಮತ್ತು ತರಬೇತಿ ಎಂಬ ಪದಗಳು ಈ ಪ್ರಕರಣಕ್ಕೆ ಬಂದದ್ದು ಸಣ್ಣ ಮಾತಲ್ಲ. ಆಸ್ಪತ್ರೆಯ 'ಗುಣ'ದ ಜಾಗದಲ್ಲಿ ಶಾಲೆಯ 'ಕಲಿಕೆ' ಬಂದು ಕುಳಿತಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ವ್ಯವಸ್ಥೆಯನ್ನು ಉಳಿಸಿಕೊಂಡು, ಪದವನ್ನು ಬೌದ್ಧಿಕ ವೈಕಲ್ಯಕ್ಕೆ ಬದಲಿಸಿತು. ಅದೇ ಕಾಲದಲ್ಲಿ, 2023ರ ಆಗಸ್ಟ್‌ನಲ್ಲಿ ಮಂಡನೆಯಾದ ಭಾರತೀಯ ನ್ಯಾಯ ಸಂಹಿತೆಯ ಮೊದಲ ಮಸೂದೆ, ಅಪರಾಧದ ಹೊಣೆಯಿಂದ ವಿನಾಯಿತಿ ನೀಡುವ ವಿಧಿಯಲ್ಲಿದ್ದ 'ಚಿತ್ತದ ಅಸ್ವಾಸ್ಥ್ಯ' ಎಂಬ ಹಳೆಯ ಪದದ ಬದಲಿಗೆ 'ಮಾನಸಿಕ ರೋಗ' ಎಂಬ ಪದವನ್ನು ಬಳಸಿತ್ತು. ಕೇಳಲು ಆಧುನಿಕವಾದ ಈ ಪದ, 2017ರ ಕಾಯಿದೆಯ ವ್ಯಾಖ್ಯೆಯೊಡನೆ ಕೂಡಿದಾಗ, ಬುದ್ಧಿಮಾಂದ್ಯ ಆರೋಪಿಯನ್ನು ವಿನಾಯಿತಿಯಿಂದಲೇ ಹೊರಗಿಡುತ್ತಿತ್ತು. ಡಿಸೆಂಬರಿನ ಪರಿಷ್ಕೃತ ಮಸೂದೆಯಲ್ಲಿ ಹಳೆಯ ಪದವೇ ಮರಳಿತು.

ಈಗ ಉಳಿದಿರುವುದು ಆ 'ವಸತಿ ಸೌಲಭ್ಯ'ಕ್ಕೆ ಕನ್ನಡದಲ್ಲಿ ಏನೆಂದು ಹೆಸರಿಡಬೇಕೆಂಬ ಪ್ರಶ್ನೆ. ಬಾಲಮಂದಿರ ಹದಿನೆಂಟು ವರ್ಷದೊಳಗಿನವರದು. ನಿಲಯ ಎಂದೊಡನೆ ವಿದ್ಯಾರ್ಥಿಗಳೋ ಅನಾಥ ಮಹಿಳೆಯರೋ ನೆನಪಾಗುತ್ತಾರೆ. ಆಶ್ರಮಕ್ಕೆ ವೈರಾಗ್ಯದ, ವೃದ್ಧಾಪ್ಯದ ಛಾಯೆಯಿದೆ. ಪುನರ್ವಸತಿ ಕೇಂದ್ರಕ್ಕೆ ಕುಡಿತ ಬಿಡಿಸುವ ಕೇಂದ್ರದ ಛಾಯೆ. 'ಧಾಮ' ದೇವರಿಗೂ ಪಕ್ಷಿಗಳಿಗೂ ಮೀಸಲು. ನಲವತ್ತು ದಾಟಿದ, ರೋಗಿಯಲ್ಲದ, ಅಪರಾಧಿಯೆಂದು ಸಾಬೀತಾಗದ, ಇನ್ನೂ ಕಲಿಯಬಲ್ಲ ಗಂಡಸೊಬ್ಬ ಬೀಗದ ಹಿಂದೆ ಇರಬೇಕಾದ ಜಾಗವೊಂದಕ್ಕೆ ಶಾಸನದ ಕನ್ನಡ ಪಠ್ಯ ಸಿದ್ಧಪಡಿಸುವವರು ಈ ಪದಗಳಲ್ಲಿ ಒಂದನ್ನು ಆರಿಸಬೇಕು, ಅಥವಾ 'ಮನೆ' ಎಂಬ ಪದವನ್ನು ಬಳಸಬೇಕು. ಎರಡನೆಯದನ್ನು ಆರಿಸಿದರೆ ಬೀಗದ ಬಗ್ಗೆಯೂ ಒಂದು ಮಾತು ಹೇಳಬೇಕಾಗುತ್ತದೆ.